ಹುಡುಗಿಯ ಹಾರ್ಟಿನಲ್ಲಿ ತೂತು, ರೇಷನ್ ಕಾರ್ಡಿನಲ್ಲಿ ಹೆಸರಿಲ್ಲ. ಆಯುಷ್ಮಾನ್ ಸಿಗುತ್ತಾ?

ಗುಡ್ಡದ ಶಾಲೆ (ಸೋಮವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ನಾನು ಕಲ್ಯಾಣ ಕರ್ನಾಟಕದ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಟೀಚರ್. ಇದು ನಮ್ಮ ಮನೆಯ ವಿಷಯ ಅಲ್ಲ, ನನ್ನ ಮೂರನೇ ತರಗತಿಯ ಹುಡುಗಿಯದು. ಎಂಟು ವರ್ಷ, ತೂಕ ಹದಿನೇಳು ಕೆ.ಜಿ. ಆಟದ ಪೀರಿಯಡ್‌ಗೆ ಎಲ್ಲರೂ ಓಡಿದರೆ ಇವಳು ಬೇವಿನ ಗಿಡದ ಕಟ್ಟೆ ಮೇಲೆ ಕೂತುಬಿಡೋಳು. ಮೈಗಳ್ಳಿ ಅಂದ್ಕೊಂಡಿದ್ದೆ. ಬೈದದ್ದೂ ಉಂಟು. ಈಗ ನೆನೆಸಿಕೊಂಡರೆ ಗಂಟಲಲ್ಲಿ ಅನ್ನ ಇಳಿಯಲ್ಲ.

ಹೋದ ತಿಂಗಳು ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ವ್ಯಾನ್, ಆರ್‌ಬಿಎಸ್‌ಕೆ ಅಂತಾರಲ್ಲ, ಅದು ಬಂದಿತ್ತು. ಡಾಕ್ಟರಮ್ಮ ಸ್ಟೆತಾಸ್ಕೋಪ್ ಇಟ್ಟವರು ಎರಡು ನಿಮಿಷ ತೆಗೆಯಲೇ ಇಲ್ಲ. ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದರು. ಅಲ್ಲಿ ಎಕೋ (ಹೃದಯದ ಸ್ಕ್ಯಾನ್) ಮಾಡಿ ವಿಎಸ್‌ಡಿ ಅಂದ್ರು, ಅಂದರೆ ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು, 6 ಮಿಲಿಮೀಟರ್. ಆಪರೇಷನ್ ಬೇಕು, ಈಗಿಂದೀಗಲೇ ಅಲ್ಲ, ಆದರೆ ಮುಂದೂಡಬೇಡಿ ಅಂದಿದ್ದಾರೆ.

ತೊಡಕು ಇಲ್ಲಿಂದ ಶುರು. ಕಾರ್ಡ್ ಅಜ್ಜನ ಹೆಸರಲ್ಲಿದೆ, ಬಿಪಿಎಲ್. ಅದರಲ್ಲಿ ಅಜ್ಜ, ಅಜ್ಜಿ, ಅಪ್ಪ, ಅವ್ವ, ಒಬ್ಬ ಚಿಕ್ಕಪ್ಪ. ಹುಡುಗಿ ಇಲ್ಲ, ಅವಳ ನಾಲ್ಕು ವರ್ಷದ ತಮ್ಮನೂ ಇಲ್ಲ. ಅಪ್ಪ ಅವ್ವ ಗೋವಾದಲ್ಲಿ ಗಾರೆ ಕೆಲಸಕ್ಕೆ ಹೋದಾಗ ಹುಟ್ಟಿದ್ದು, ಜನನ ಪತ್ರ ಅಲ್ಲಿಯದೇ. ಯಾರೋ ಹೇಳಿದರು ಅಂತ ಅಪ್ಪ ಪಕ್ಕದ ಊರಿನ ಖಾಸಗಿ ಆಸ್ಪತ್ರೆಗೆ ಹೋಗಿ ವಿಚಾರಿಸಿದರೆ, "ಕಾರ್ಡಲ್ಲಿ ಮಗು ಇದ್ದರೆ ಫ್ರೀ, ಇಲ್ಲಾಂದ್ರೆ ಎರಡೂವರೆ ಲಕ್ಷ" ಅಂದರಂತೆ. ಮನುಷ್ಯ ವಾಪಸ್ ಬಂದವನೇ ಎರಡು ಎಕರೆಯಲ್ಲಿ ಒಂದು ಮಾರ್ತೀನಿ ಅಂತ ಕೂತಿದ್ದಾನೆ. ಗಿರಾಕಿನೂ ಸಿಕ್ಕಿದ್ದಾನೆ! ಹೊಲ ಮಾರೋಕೆ ಮುಂಚೆ ಏನು ಮಾಡಬಹುದು? ತಿಳಿದವರು ದಯವಿಟ್ಟು ಹೇಳಿ.

ಮಾಜಿ ಮಿತ್ರ (ಸೋಮವಾರ, ರಾತ್ರಿ 10:25)

ಟೀಚರ್, ಮೊದಲು ಅವರಪ್ಪನಿಗೆ ಫೋನ್ ಮಾಡಿ, ಹೊಲ ಮಾರಬೇಡ ಅನ್ನಿ. ಆಮೇಲೆ ಇದನ್ನ ಓದಿ.

ಐದು ವರ್ಷ ಆರೋಗ್ಯ ಮಿತ್ರ ಅಂತ, ಅಂದರೆ ಈ ಯೋಜನೆಯ ರೋಗಿಗಳಿಗೆ ನೆರವಾಗೋನು ಅಂತ, ಆಸ್ಪತ್ರೆ ಕೌಂಟರ್‌ನಲ್ಲಿ ಕೂತವನು ನಾನು. ನಮ್ಮ ರಾಜ್ಯದಲ್ಲಿ 2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ ಬಂತು, ಅದೇ ವರ್ಷ ಅಕ್ಟೋಬರ್ ಕೊನೆಗೆ ಕೇಂದ್ರದ ಆಯುಷ್ಮಾನ್ ಜೊತೆ ಸೇರಿ ಒಂದೇ ಯೋಜನೆ ಆಯ್ತು. ಬಿಪಿಎಲ್, ಅಂತ್ಯೋದಯ ಮನೆಗಳಿಗೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿ ಮಾಡಿದ ದರ) ಶೇಕಡಾ 30 ಮಾತ್ರ ಸರ್ಕಾರ ಕೊಡುತ್ತೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಕೌಂಟರ್‌ನಲ್ಲಿ ಇದನ್ನ ತೀರ್ಮಾನ ಮಾಡೋದು ಪಡಿತರ ಚೀಟಿ. ಚೀಟಿಯಲ್ಲಿ ಹೆಸರಿಲ್ಲದ ಮಗು ಎಷ್ಟೇ ಬಡವರ ಮನೆಯದಾದರೂ ಕಂಪ್ಯೂಟರ್ ಪಾಲಿಗೆ ಎಪಿಎಲ್. ನೂರಕ್ಕೆ ಎಪ್ಪತ್ತು ರೂಪಾಯಿ ಕೈಯಿಂದ.

ಹಾಗಾಗಿ ಮೊದಲ ಕೆಲಸ ಹೆಸರು ಸೇರಿಸೋದು. ಮಗುವಿನ ಆಧಾರ್, ಜನನ ಪತ್ರ, ಅಜ್ಜನ ಕಾರ್ಡು. ಗೋವಾದ ಜನನ ಪತ್ರ ಅಂತ ಗ್ರಾಮ ಒನ್ ಸೇವಾ ಕೇಂದ್ರದವನು ರಾಗ ಎಳೆದರೆ ಬಿಡಬೇಡಿ. ಜನನ ಪತ್ರ ಯಾವ ರಾಜ್ಯದ್ದಾದರೂ ಜನನ ಪತ್ರವೇ.

ಎರಡನೇದು, ಆರ್‌ಬಿಎಸ್‌ಕೆ ಚೀಟಿ ಚಿನ್ನದ ಥರ ಇಟ್ಟುಕೊಳ್ಳಿ. ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ ಅಂತ ಒಂದು ವಿಭಾಗ ಇರುತ್ತೆ, ಮಕ್ಕಳ ತೊಂದರೆಗಳನ್ನ ಬೇಗ ಪತ್ತೆ ಮಾಡಿ ಚಿಕಿತ್ಸೆ ಕೊಡಿಸೋ ಕೇಂದ್ರ. ಅಲ್ಲಿನ ಮ್ಯಾನೇಜರ್‌ನ ನೇರವಾಗಿ ನೋಡಿ.

ಮೂರನೇದು, ಖಾಸಗಿ ಆಸ್ಪತ್ರೆ ಬಾಗಿಲಿಗೆ ಮೊದಲೇ ಹೋಗೋದು ಬೇಡ. ತುರ್ತು ಅಂತ ಗುರುತಿಸಿರೋ ಸುಮಾರು 170 ಚಿಕಿತ್ಸೆಗೆ ಮಾತ್ರ ನೇರ ಹೋಗಬಹುದು. ಮಿಕ್ಕಿದ್ದಕ್ಕೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ನಿಮ್ಮ ಕಡೆಯವರಿಗೆ ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಆಸ್ಪತ್ರೆ ಇದೆ, ಅದೂ ಸರ್ಕಾರದ್ದೇ. ಅಲ್ಲಿ ತೋರಿಸಿ. ಬೆಂಗಳೂರಿಗೆ ಬರೆದರೆ ಬೆಂಗಳೂರು.

ಖಾಲಿ ಜೇಬು (ಸೋಮವಾರ, ರಾತ್ರಿ 11:02)

ಮಿತ್ರರು ಹೇಳಿದ್ದು ಕಾಗದದ ಮೇಲೆ ಸರಿ. ನನ್ನ ಮಗನ ಕೈ ಮುರಿದಾಗ ಕಾರ್ಡು ಇತ್ತು, ಹೆಸರೂ ಇತ್ತು, ರೆಫರಲ್ಲೂ ಇತ್ತು. "ಎಲ್ಲಾ ಫ್ರೀ, ಆದರೆ ಪ್ಲೇಟ್ ಒಳ್ಳೇದು ಹಾಕಿಸ್ಬೇಕಂದ್ರೆ ಬೇರೆ" ಅಂದರು. ಹದಿನೆಂಟು ಸಾವಿರ ಎಣಿಸಿದೆ. ರಸೀದಿ ಕೇಳಿದರೆ ಬಿಳಿ ಹಾಳೆ ಮೇಲೆ ಬರೆದು ಕೊಟ್ಟರು.

ಮಾಜಿ ಮಿತ್ರ (ಸೋಮವಾರ, ರಾತ್ರಿ 11:20)

ಪ್ಯಾಕೇಜ್ ಅಂದರೆ ಹಾಸಿಗೆ, ಆಪರೇಷನ್, ಔಷಧಿ, ಒಳಗೆ ಹಾಕೋ ಪ್ಲೇಟು ಎಲ್ಲಾ ಸೇರಿ. ದಾಖಲಾಗೋ ಮುಂಚಿನ ಮೂರು ದಿನದ ಪರೀಕ್ಷೆ, ಬಿಡುಗಡೆ ಆದ ಮೇಲೆ ಹದಿನೈದು ದಿನದ ಔಷಧಿನೂ ಅದರಲ್ಲೇ ಬರುತ್ತೆ. ಮೇಲೆ ದುಡ್ಡು ಕೇಳೋ ಹಾಗಿಲ್ಲ. ಕೇಳಿದರೆ 104ಕ್ಕೆ ಇಲ್ಲಾ 14555ಕ್ಕೆ ಫೋನ್ ಮಾಡಬೇಕಿತ್ತು ಅಣ್ಣ.

ಖಾಲಿ ಜೇಬು (ಸೋಮವಾರ, ರಾತ್ರಿ 11:24)

ಮಗ ಒಳಗೆ ಆಪರೇಷನ್ ಟೇಬಲ್ ಮೇಲೆ ಮಲಗಿರೋವಾಗ ಹೊರಗೆ ನಿಂತು ಅದೇ ಆಸ್ಪತ್ರೆ ಮೇಲೆ ಯಾವನು ದೂರು ಕೊಡ್ತಾನೆ ಸ್ವಾಮಿ?

ಮಾಜಿ ಮಿತ್ರ (ಸೋಮವಾರ, ರಾತ್ರಿ 11:31)

ನಿಜ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಮನೆಗೆ ಬಂದ ಮೇಲೆ ಕೊಟ್ಟರೂ ದೂರು ದೂರೇ. ಆ ಬಿಳಿ ಹಾಳೆ ಇನ್ನೂ ಇದ್ದರೆ ಎಸೆಯಬೇಡಿ.

ವ್ಯಾನ್ ಡಾಕ್ಟರ್ (ಮಂಗಳವಾರ, ಬೆಳಿಗ್ಗೆ 6:50)

ಡ್ಯೂಟಿಗೆ ಹೊರಡೋ ಮುಂಚೆ ಬರೀತಿದೀನಿ. ನಾನು ಅಂಥದೇ ಒಂದು ವ್ಯಾನಿನ ಆಯುಷ್ ವೈದ್ಯೆ, ಬೇರೆ ಜಿಲ್ಲೆಯಲ್ಲಿ. ಆರ್‌ಬಿಎಸ್‌ಕೆ ಅಂದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, 2013ರಲ್ಲಿ ಶುರುವಾಗಿದ್ದು. ಹುಟ್ಟಿನಿಂದ ಹದಿನೆಂಟು ವರ್ಷದವರೆಗೆ. ಹುಟ್ಟಿನಿಂದಲೇ ಬಂದ ದೋಷ, ಕಾಯಿಲೆ, ಪೋಷಕಾಂಶದ ಕೊರತೆ, ಬೆಳವಣಿಗೆಯ ವಿಳಂಬ, ಈ ನಾಲ್ಕು ಥರದ್ದು ಹುಡುಕಬೇಕು. ಸೀಳು ತುಟಿ, ತಿರುಚಿದ ಪಾದ, ಹುಟ್ಟು ಕಿವುಡು, ಹುಟ್ಟು ಪೊರೆ, ಹೃದಯದ ತೂತು ಎಲ್ಲಾ ಮೊದಲನೇ ಗುಂಪಿನಲ್ಲಿ ಬರುತ್ತೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಹೋಗ್ತೀವಿ.

ಆ ಒಂದು ಸಲದ ದಿನ ಮಗು ಶಾಲೆಯಲ್ಲಿ ಇರಬೇಕಲ್ಲ. ಟೀಚರ್, ಹಳೇ ಹಾಜರಿ ಪುಸ್ತಕ ತೆಗೆದು ನೋಡಿ. ಹೋದ ವರ್ಷ ವ್ಯಾನ್ ಬಂದಾಗ ಈ ಹುಡುಗಿ ಗೋವಾದಲ್ಲೇ ಇದ್ದಿರಬಹುದು. ಗುಳೆ ಹೋಗೋ ಮನೆ ಮಕ್ಕಳು ನಮ್ಮ ಕೈಗೆ ಸಿಗೋದೇ ಇಲ್ಲ. ಅಲ್ಲಿಯ ಅಂಗನವಾಡಿಗೆ ಅವರು ನಮ್ಮವರಲ್ಲ, ಇಲ್ಲಿಯ ರಿಜಿಸ್ಟರ್‌ನಲ್ಲಿ ಗೈರು.

ಇನ್ನೊಂದು ಮಾತು, ಸ್ವಲ್ಪ ನಾಚಿಕೆಯದ್ದು. ನಮ್ಮ ರಿಪೋರ್ಟಿನಲ್ಲಿ "ರೆಫರ್ ಮಾಡಿದ್ದು" ಅಂತ ಒಂದು ಕಾಲಂ ಇದೆ. ಅದು ತುಂಬಿದರೆ ನಮ್ಮ ದಿನ ಮುಗೀತು. ಆ ಮಗು ಜಿಲ್ಲಾ ಆಸ್ಪತ್ರೆ ಮುಟ್ಟಿತಾ, ಅಲ್ಲಿಂದ ಮುಂದಕ್ಕೆ ಹೋಯ್ತಾ ಅಂತ ಹಿಂದೆ ಬಿದ್ದು ನೋಡೋಕೆ ಮಾರನೇ ದಿನದ ಶಾಲೆ ಬಿಡಲ್ಲ. ಚೀಟಿ ಕೊಟ್ಟ ಎಷ್ಟೋ ಮಕ್ಕಳನ್ನ ಮುಂದಿನ ವರ್ಷ ಅದೇ ಬೆಂಚಿನ ಮೇಲೆ, ಎದೆಯಲ್ಲಿ ಅದೇ ಮರ್ಮರ್ (ಹೃದಯದ ಅಸಹಜ ಸದ್ದು) ಜೊತೆ ಮತ್ತೆ ನೋಡಿದೀನಿ. "ದೇವರಿಗೆ ಹರಕೆ ಹೊತ್ತೀವಿ ಮೇಡಂ" ಅಂತಾರೆ ಅಜ್ಜಿ. ನಿಮ್ಮಂಥ ಟೀಚರ್ ಒಬ್ಬರು ಬೆನ್ನು ಹತ್ತಿದರೆ ಮಾತ್ರ ಆ ಚೀಟಿಗೆ ಕಾಲು ಬರುತ್ತೆ.

ಗುಡ್ಡದ ಶಾಲೆ (ಮಂಗಳವಾರ, ಮಧ್ಯಾಹ್ನ 1:15)

ಹಾಜರಿ ನೋಡಿದೆ ಡಾಕ್ಟರ್. ನೀವಂದಿದ್ದು ಸರಿ. ಒಂದನೇ ಕ್ಲಾಸು, ಎರಡನೇ ಕ್ಲಾಸು, ಎರಡೂ ಸಲ ವ್ಯಾನ್ ಬಂದ ದಿನ ಕೆಂಪು ಗೈರು. ನನ್ನ ಕೈಯಲ್ಲೇ ಹಾಕಿದ್ದು.

ಸಕ್ಕರೆ ನಾಡು (ಮಂಗಳವಾರ, ಸಂಜೆ 7:10)

ಮಂಡ್ಯದವನು ನಾನು. ಹೆಸರು ನೋಡಿ ನಗಬೇಡಿ, ನಮ್ಮನೇಲಿ ಸಕ್ಕರೆ ಅಂದ್ರೆ ಈಗ ಬೇರೆ ಅರ್ಥ. ಮಗಳಿಗೆ ಏಳು ವರ್ಷಕ್ಕೇ ಟೈಪ್ 1 ಶುಗರ್. ಈಗ ಹನ್ನೊಂದು. ದಿನಕ್ಕೆ ನಾಲ್ಕು ಸಲ ಇನ್ಸುಲಿನ್, ನಾಲ್ಕೈದು ಸಲ ಬೆರಳು ಚುಚ್ಚಿ ನೋಡೋದು.

ನಮ್ ಹತ್ರನೂ ಬಿಪಿಎಲ್ ಕಾರ್ಡಿದೆ, ಅವಳ ಹೆಸರೂ ಐತೆ. 5 ಲಕ್ಷ! ಆದ್ರೆ ನಾಲ್ಕು ವರ್ಷದಲ್ಲಿ ಆ ಕಾರ್ಡು ಕೆಲಸಕ್ಕೆ ಬಂದಿದ್ದು ಒಂದೇ ಒಂದ್ಸಲ, ಮೊದಲನೇ ಸಲ ಪ್ರಜ್ಞೆ ತಪ್ಪಿ ಐಸಿಯು ಸೇರಿದಾಗ. ಮನೇಲಿದ್ದು ಕ್ರಮವಾಗಿ ಇನ್ಸುಲಿನ್ ತಗೊಂಡು ಆಸ್ಪತ್ರೆ ಸೇರದೇ ಇರೋ ಹಂಗೆ ನೋಡ್ಕೊಂಡ್ರೆ ಒಂದ್ ರೂಪಾಯಿ ಇಲ್ಲ. ಯಾಕಂದ್ರೆ ಅದು ಹೊರರೋಗಿ ಚಿಕಿತ್ಸೆ. ಇನ್ಸುಲಿನ್ ಸರ್ಕಾರಿ ಆಸ್ಪತ್ರೇಲಿ ಸಿಗುತ್ತೆ, ಇದ್ದಾಗ. ಶುಗರ್ ನೋಡೋ ಸ್ಟ್ರಿಪ್ಪು ಯಾವಾಗ್ಲೂ ನಮ್ಮ ದುಡ್ಡೇ. ಐವತ್ತರ ಡಬ್ಬಿ ಹತ್ತು ದಿನಕ್ಕೆ ಖಾಲಿ. ತಿಂಗಳ ಕೊನೇಲಿ ಸ್ಟ್ರಿಪ್ಪು ಉಳಿಸೋಣ ಅಂತ ಅವಳೇ "ಇವತ್ತು ಎರಡೇ ಸಲ ನೋಡಣ ಬಿಡಪ್ಪ" ಅಂತಾಳೆ. ಹನ್ನೊಂದು ವರ್ಷದ ಮಗು ಲೆಕ್ಕ ಹಾಕೋ ವಿಷಯನಾ ಅದು?

ಟೀಚರಮ್ಮ, ನಿಮ್ಮ ಹುಡುಗಿಗೆ ಕಾರ್ಡು ಖಂಡಿತ ಕೆಲಸ ಮಾಡುತ್ತೆ, ಯಾಕಂದ್ರೆ ಅದು ಆಪರೇಷನ್. ಕೊಯ್ಯೋ ಕಾಯಿಲೆಗೆ ಈ ಕಾರ್ಡು ಕಾಮಧೇನು. ಕಾಯೋ ಕಾಯಿಲೆಗೆ ಗೊಡ್ಡೆಮ್ಮೆ.

ಪೀಣ್ಯದ ಅಕ್ಕ (ಮಂಗಳವಾರ, ರಾತ್ರಿ 8:45)

ಸಕ್ಕರೆ ನಾಡಿನ ಅಣ್ಣ, ನಿಮ್ಮ ಮನೆಯವರು ಯಾರಾದರೂ ಫ್ಯಾಕ್ಟರಿ ಕೆಲಸದಲ್ಲಿದ್ದಾರಾ? ಗಾರ್ಮೆಂಟ್ಸ್‌ನಲ್ಲಿ ಹದಿನಾಲ್ಕು ವರ್ಷ ಟೇಲರ್ ಆಗಿದ್ದೆ. ತಿಂಗಳ ಸಂಬಳ 21,000ದ ಒಳಗಿದ್ದರೆ ಇಎಸ್‌ಐ, ಅಂದರೆ ಕಾರ್ಮಿಕರ ವಿಮೆ. ನಮ್ಮ ಸಂಬಳದಲ್ಲಿ ನೂರಕ್ಕೆ ಮುಕ್ಕಾಲು ರೂಪಾಯಿ ಹಿಡಿತಾರೆ, ಮಾಲೀಕರು ಮೂರೂಕಾಲು ಹಾಕ್ತಾರೆ. ಅದರಲ್ಲಿ ಮಕ್ಕಳಿಗೆ ಹೊರರೋಗಿ ಚಿಕಿತ್ಸೆನೂ ಇದೆ. ಜ್ವರ, ಕೆಮ್ಮು, ಕಿವಿ ಸೋರೋದು, ಏನೇ ಆದರೂ ಡಿಸ್ಪೆನ್ಸರಿ. ಅಲ್ಲಿ ಆಗದಿದ್ದರೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ. ನನ್ನ ದೊಡ್ಡ ಮಗನ ವೀಸಿಂಗ್‌ಗೆ ಆರು ವರ್ಷ ಪಂಪು ಅಲ್ಲೇ ತಗೊಂಡಿದ್ದು. ಕ್ಯೂ ಉದ್ದ, ಒಂದು ದಿನದ ಕೂಲಿ ಹೋಗುತ್ತೆ, ಅದು ಬೇರೆ ಮಾತು.

ಫ್ಯಾಕ್ಟರಿ ಬಾಗಿಲು ಹಾಕಿದ ಮೇಲೆ ಅದೂ ಹೋಯ್ತು. ಈಗ ಮನೆಗೆಲಸಕ್ಕೆ ಹೋಗ್ತೀನಿ. ಮಗ ಅದೇ, ಉಬ್ಬಸ ಅದೇ, ಪಂಪಿಗೆ ಮಾತ್ರ ಮೆಡಿಕಲ್ ಸ್ಟೋರು.

ಮ್ಯಾಡಿಸನ್ ಚಳಿ (ಬುಧವಾರ, ಬೆಳಿಗ್ಗೆ 5:30)

ಅಮೆರಿಕಾದ ವಿಸ್ಕಾನ್ಸಿನ್‌ನಲ್ಲಿ ಪಿಎಚ್‌ಡಿ ಮಾಡ್ತಿದೀನಿ, ಊರು ಶಿರಸಿ. ಇಲ್ಲಿಯದು ಹೇಳಿದರೆ ಕೊಚ್ಚಿಕೊಂಡ ಹಾಗೆ ಆಗಬಾರದು, ಆದರೆ ಸಕ್ಕರೆ ನಾಡಿನವರು ಎತ್ತಿದ ವಿಷಯಕ್ಕೆ ಸಂಬಂಧ ಇದೆ ಅಂತ ಬರೀತಿದೀನಿ.

ಸಂಶೋಧನಾ ವಿದ್ಯಾರ್ಥಿಯ ಸ್ಟೈಪೆಂಡ್‌ನಲ್ಲಿ ಮೂರು ಜನ ಬದುಕೋದು ಅಂದರೆ ಇಲ್ಲಿಯ ಲೆಕ್ಕದಲ್ಲಿ ನಾವು ಕಡಿಮೆ ಆದಾಯದವರೇ. ಮಗಳು ಇಲ್ಲೇ ಹುಟ್ಟಿದ್ದರಿಂದ ಈ ದೇಶದ ಪ್ರಜೆ. ಅವಳಿಗೆ ಸರ್ಕಾರಿ ವಿಮೆ ಸಿಕ್ಕಿತು, ನಮ್ಮಿಬ್ಬರಿಗೆ ಸಿಗಲಿಲ್ಲ. ಮನೆಗೆ ಒಂದು ಕಾರ್ಡ್ ಅಂತ ಇಲ್ಲ, ಮಗುವಿಗೇ ಒಂದು ಕಾರ್ಡ್. ಅಪ್ಪ ಅಮ್ಮ ಯಾರು ಅನ್ನೋದಕ್ಕಿಂತ ಮನೆಯ ಆದಾಯ ಎಷ್ಟು, ಮಗು ಯಾರು ಅಂತ ನೋಡ್ತಾರೆ. ಬಡವರಿಗೆ ಮೆಡಿಕೇಡ್ ಅಂತ 1965ರಿಂದ ಇತ್ತು. ಅದಕ್ಕೆ ಸ್ವಲ್ಪ ಹೆಚ್ಚು, ಖಾಸಗಿ ವಿಮೆಗೆ ತೀರಾ ಕಡಿಮೆ ಅನ್ನೋ ಆದಾಯದ ಮನೆಗಳ ಮಕ್ಕಳು ನಡುವೆ ಬಿದ್ದು ಹೋಗ್ತಾರೆ ಅಂತ 1997ರಲ್ಲಿ ಚಿಪ್ ಅನ್ನೋ ಮಕ್ಕಳದ್ದೇ ಕಾರ್ಯಕ್ರಮ ತಂದರು. ಒಂದೊಂದು ರಾಜ್ಯದಲ್ಲಿ ಒಂದೊಂದು ಹೆಸರು. ಇಲ್ಲಿ ಬ್ಯಾಡ್ಜರ್‌ಕೇರ್, ಜಾರ್ಜಿಯಾದಲ್ಲಿ ಪೀಚ್‌ಕೇರ್, ವರ್ಮಾಂಟ್‌ನಲ್ಲಿ "ಡಾಕ್ಟರ್ ಡೈನಸಾರ್"! ಮಕ್ಕಳ ಯೋಜನೆಗೆ ಮಂತ್ರಿಗಳ ಹೆಸರು ಬಿಟ್ಟು ಡೈನಸಾರ್ ಹೆಸರಿಟ್ಟವರ ಬಗ್ಗೆ ನನಗೆ ತುಂಬಾ ಗೌರವ.

ಮುಖ್ಯ ವ್ಯತ್ಯಾಸ ಏನಂದರೆ ಇದು ಮಗು ಆಸ್ಪತ್ರೆ ಸೇರೋವರೆಗೆ ಕಾಯಲ್ಲ. ಆರೋಗ್ಯವಾಗಿರೋ ಮಗುವನ್ನೇ ವೈದ್ಯರ ಹತ್ರ ಕರ್ಕೊಂಡು ಹೋಗಿ ಎತ್ತರ, ತೂಕ, ಕಣ್ಣು, ಕಿವಿ, ಹಲ್ಲು ನೋಡಿಸಬೇಕು. ಲಸಿಕೆ, ಕನ್ನಡಕ, ಔಷಧಿ ಎಲ್ಲಾ ಸೇರಿ.

ತೆರಿಗೆದಾರ (ಬುಧವಾರ, ಬೆಳಿಗ್ಗೆ 8:05)

ಅಮೆರಿಕಾ ದುಡ್ಡಿರೋ ದೇಶ. ಇಲ್ಲಿ ಕಾರ್ ಇಟ್ಕೊಂಡು ಬಿಪಿಎಲ್ ಕಾರ್ಡ್ ಇಟ್ಟಿರೋರು ಬೀದಿಗೆ ಹತ್ತು ಜನ. ಮೊದಲು ಅವರನ್ನ ತೆಗೀಲಿ.

ಪೀಣ್ಯದ ಅಕ್ಕ (ಬುಧವಾರ, ಬೆಳಿಗ್ಗೆ 8:30)

ತೆಗೆಯೋಕೆ ಹೋಗಿದ್ದರಲ್ಲ ಅಣ್ಣ, 2024ರ ನವೆಂಬರ್‌ನಲ್ಲಿ. ಕಾರಿನವರು ಹೋಗ್ತಾರೆ ಅಂತ ನಾನೂ ಖುಷಿಪಟ್ಟಿದ್ದೆ. ಹೋಗಿದ್ದು ನಮ್ಮ ವಠಾರದ ಇಬ್ಬರು ಹೂ ಮಾರೋರದ್ದು. ಗಲಾಟೆ ಆದ ಮೇಲೆ ಸರ್ಕಾರ ವಾಪಸ್ ಕೊಟ್ಟಿತು. ಆದರೆ ಆ ಹದಿನೈದು ದಿನದಲ್ಲಿ ಯಾರ ಮಗುವಾದರೂ ಆಸ್ಪತ್ರೆ ಸೇರಿದ್ದರೆ?

ಮ್ಯಾಡಿಸನ್ ಚಳಿ (ಬುಧವಾರ, ಬೆಳಿಗ್ಗೆ 9:10)

ತೆರಿಗೆದಾರರೇ, ದುಡ್ಡಿರೋ ದೇಶದಲ್ಲೂ ಇದೇ ಕಥೆ ನಡೆದಿದೆ. ಕೊರೊನಾ ಸಮಯದಲ್ಲಿ ಮೆಡಿಕೇಡ್‌ನಿಂದ ಯಾರನ್ನೂ ತೆಗೆಯುವಂತಿರಲಿಲ್ಲ. 2023ರ ಏಪ್ರಿಲ್‌ನಿಂದ ಮತ್ತೆ ಪರಿಶೀಲನೆ ಶುರು ಮಾಡಿದರು. ಆದಾಯ ಹೆಚ್ಚಾಗಿ ಹೋದವರಿಗಿಂತ, ಫಾರ್ಮ್ ವಾಪಸ್ ಕಳಿಸಲಿಲ್ಲ, ವಿಳಾಸ ಬದಲಾಗಿ ಪತ್ರ ತಲುಪಲಿಲ್ಲ ಅಂತ ಹೋದವರೇ ಜಾಸ್ತಿ. ಅದರಲ್ಲಿ ಅರ್ಹ ಮಕ್ಕಳೂ ಲಕ್ಷಗಟ್ಟಲೆ. ನಮ್ಮ ಮಗಳ ಪತ್ರವೂ ಹಳೇ ಅಪಾರ್ಟ್‌ಮೆಂಟ್‌ಗೆ ಹೋಗಿತ್ತು, ಪಕ್ಕದ ಮನೆಯವರು ಫೋನ್ ಮಾಡಿದ್ದಕ್ಕೆ ಬಚಾವಾದೆವು. 2024ರ ಜನವರಿಯಿಂದ, ಮಗುವನ್ನ ಒಮ್ಮೆ ಸೇರಿಸಿದರೆ ಹನ್ನೆರಡು ತಿಂಗಳು ಮಧ್ಯದಲ್ಲಿ ತೆಗೆಯುವಂತಿಲ್ಲ ಅಂತ ಎಲ್ಲಾ ರಾಜ್ಯಗಳಿಗೂ ಕಡ್ಡಾಯವಾಗಿದೆ. ಅಪ್ಪನಿಗೆ ಒಂದು ತಿಂಗಳು ಓವರ್‌ಟೈಮ್ ಸಿಕ್ಕಿತು ಅಂತ ಮಗುವಿನ ವಿಮೆ ಹೋಗಬಾರದು ಅನ್ನೋ ಲೆಕ್ಕ.

ಹಳೇ ಫೈಲು (ಬುಧವಾರ, ರಾತ್ರಿ 10:00)

ಎರಡು ದಿನದಿಂದ ಓದ್ತಾ ಇದ್ದೆ, ನಾನೂ ಸ್ವಲ್ಪ ಧೂಳು ಕೊಡವ್ತೀನಿ.

ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಅಂತ 2008ರಲ್ಲಿ ಬಂತು, ನೆನಪಿದೆಯಾ? ಮೂವತ್ತು ರೂಪಾಯಿ ಕಟ್ಟಿದರೆ ಬೆರಳಚ್ಚಿನ ಸ್ಮಾರ್ಟ್ ಕಾರ್ಡು, ವರ್ಷಕ್ಕೆ ಮೂವತ್ತು ಸಾವಿರ. ನಾನು ಆ ನೋಂದಣಿ ಶಿಬಿರಗಳಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದವನು. ಒಂದು ಕಾರ್ಡಿಗೆ ಐದೇ ಜನ. ಅಪ್ಪ, ಅವ್ವ ಆದ ಮೇಲೆ ಮೂರು ಜಾಗ. ಅಜ್ಜಿಗೆ ಮಂಡಿ ನೋವು, ಅಜ್ಜನಿಗೆ ದಮ್ಮು, ಅಲ್ಲಿಗೆ ನಾಲ್ಕು. ಮಕ್ಕಳು ಮೂವರು. ಯಾರ ಹೆಸರು ಬರೀಲಿ ಅಂತ ಕೇಳಿದರೆ ಅವ್ವ ಸುತ್ತ ನೋಡಿ ದೊಡ್ಡ ಮಗನ ಹೆಸರು ಹೇಳೋಳು. ಹೆಣ್ಣುಮಕ್ಕಳ ಕಡೆ ನೋಡಿ "ಸಣ್ಣೋರಿಗೆ ಏನಾಗ್ತದೆ ಬಿಡ್ರೀ" ಅನ್ನೋಳು. ದಿನಕ್ಕೆ ಹತ್ತು ಸಲ ಆ ಮಾತು ಕೇಳಿದ್ದೀನಿ. ಐದರ ಮಿತಿ ಹಾಕಿದ ಅಧಿಕಾರಿ ಆ ಅವ್ವನ ಮುಖ ನೋಡಿರಲಿಕ್ಕಿಲ್ಲ. 2018ರಲ್ಲಿ ಆಯುಷ್ಮಾನ್ ಬಂದಾಗ ಮನೆಯಲ್ಲಿ ಎಷ್ಟು ಜನ ಇದ್ದರೂ ಸರಿ, ವಯಸ್ಸು ಎಷ್ಟಾದರೂ ಸರಿ, ಮೊದಲೇ ಇದ್ದ ಕಾಯಿಲೆಯಾದರೂ ಸರಿ ಅಂತಾಯ್ತು. ನನ್ನ ದೃಷ್ಟಿಯಲ್ಲಿ 5 ಲಕ್ಷ ಅನ್ನೋ ಅಂಕಿಗಿಂತ ಆ ಬದಲಾವಣೆ ದೊಡ್ಡದು.

ನಮ್ಮ ರಾಜ್ಯದ್ದು ಬೇರೆ ಕಥೆ. 2003ರಲ್ಲಿ ಯಶಸ್ವಿನಿ, ಸಹಕಾರ ಸಂಘದ ರೈತರಿಗೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ, ಮೊದಲು ಟೀಚರ್ ಅವರ ಭಾಗದಲ್ಲೇ, ಅಂದಿನ ಗುಲ್ಬರ್ಗ ವಿಭಾಗದಲ್ಲಿ. ಹೃದಯ, ಕ್ಯಾನ್ಸರ್, ನರ, ಮೂತ್ರಪಿಂಡ, ಸುಟ್ಟ ಗಾಯದಂಥ ದೊಡ್ಡ ಕಾಯಿಲೆಗೆ. ಆ ಯೋಜನೆ ಇದ್ದ ಕಡೆಯ ಮತ್ತು ಇನ್ನೂ ಬಾರದಿದ್ದ ಕಡೆಯ 572 ಗಡಿ ಹಳ್ಳಿಗಳನ್ನ ಅಕ್ಕಪಕ್ಕ ಇಟ್ಟು ನೋಡಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಬಡ ಮನೆಗಳಲ್ಲಿ ಆ ಕಾಯಿಲೆಗಳಿಂದ ಸತ್ತವರು ಯೋಜನೆ ಇದ್ದ ಕಡೆ ಶೇ 0.32, ಇಲ್ಲದ ಕಡೆ ಶೇ 0.90. ಒಂದೇ ನೀರು, ಒಂದೇ ಜೋಳ, ನಡುವೆ ಒಂದು ಗಡಿ ಕಲ್ಲು.

ಆದ್ದರಿಂದ ಖಾಲಿ ಜೇಬು ಅವರ ಸಿಟ್ಟು ನನಗೆ ಅರ್ಥ ಆಗುತ್ತೆ, ಆದರೆ ಕಾರ್ಡೇ ಸುಳ್ಳು ಅನ್ನೋದನ್ನ ಒಪ್ಪಲ್ಲ. ಜೀವ ಉಳಿಸಿದೆ. ಕೌಂಟರ್ ದಾಟಿದವರ ಜೀವ.

ಖಾಲಿ ಜೇಬು (ಬುಧವಾರ, ರಾತ್ರಿ 10:20)

ಸುಳ್ಳು ಅಂದಿಲ್ಲ ಸರ್. ಫ್ರೀ ಅನ್ನೋದು ಸುಳ್ಳು ಅಂದೆ.

ವ್ಯಾನ್ ಡಾಕ್ಟರ್ (ಬುಧವಾರ, ರಾತ್ರಿ 10:50)

ಒಂದು ವರ್ಷದೊಳಗಿನ ಮಗು ಇರೋರು ಇದನ್ನೂ ತಿಳ್ಕೊಳ್ಳಿ, ಯಾರೂ ಹೇಳಲ್ಲ. ಜನನಿ ಶಿಶು ಸುರಕ್ಷಾದಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಕಂದಮ್ಮನಿಗೆ ಔಷಧಿ, ಪರೀಕ್ಷೆ, ಅಗತ್ಯ ಬಿದ್ದರೆ ರಕ್ತ, ಹೋಗಿ ಬರೋ ವಾಹನ ಎಲ್ಲಾ ಉಚಿತ. ಅದಕ್ಕೆ ಪಡಿತರ ಚೀಟಿಯ ಬಣ್ಣ ಕೇಳೋ ಹಾಗಿಲ್ಲ.

ಗುಡ್ಡದ ಶಾಲೆ (ಹನ್ನೆರಡು ದಿನದ ಮೇಲೆ, ರಾತ್ರಿ 9:15)

ತಡವಾಯ್ತು, ಕ್ಷಮಿಸಿ. ಹೊಲ ಮಾರಿಲ್ಲ.

ಗ್ರಾಮ ಒನ್‌ಗೆ ಮೂರು ಸಲ ಹೋದೆವು. ಮೊದಲ ದಿನ ಸರ್ವರ್ ಇಲ್ಲ. ಎರಡನೇ ದಿನ ಸರ್ವರ್ ಬಂತು, ಅಜ್ಜನ ಬೆರಳು ತಗೊಳ್ಳಲಿಲ್ಲ. ಅರವತ್ತೆಂಟು ವರ್ಷ ಕಲ್ಲು ಹೊತ್ತ ಬೆರಳು, ಅದರಲ್ಲಿ ಗೆರೆ ಎಲ್ಲಿ ಉಳಿದಿರುತ್ತೆ? ಮೂರನೇ ದಿನ ಹುಡುಗಿಯ ಬೆರಳೂ ಹೊಂದಲಿಲ್ಲ. ಐದು ವರ್ಷ ಆದ ಮೇಲೆ ಆಧಾರ್‌ಗೆ ಮತ್ತೆ ಬಯೋಮೆಟ್ರಿಕ್ ಕೊಡಬೇಕಂತೆ, ಇವರು ಕೊಟ್ಟೇ ಇಲ್ಲ. ಅದಕ್ಕೆ ತಾಲೂಕಿಗೆ. ಕೊನೆಗೆ ಜಿಲ್ಲಾ ಆಸ್ಪತ್ರೆಯವರ ಪತ್ರ ಹಿಡ್ಕೊಂಡು ಆಹಾರ ನಿರೀಕ್ಷಕರ ಟೇಬಲ್ ಮುಂದೆ ನಾನೇ ನಿಂತೆ. ಪುಣ್ಯಾತ್ಮ ಎಕೋ ರಿಪೋರ್ಟ್ ನೋಡಿ ಎದ್ದು ನಿಂತು ಬೇರೆ ರೂಮಿಗೆ ಹೋಗಿ ಯಾರಿಗೋ ಫೋನ್ ಮಾಡಿದರು. ಅದಾಗಿ ನಾಲ್ಕನೇ ದಿನ ಹೆಸರು ಬಂತು. ಅವರ ಮಗಳಿಗೂ ಚಿಕ್ಕಂದಿನಲ್ಲಿ ಇದೇ ಆಗಿತ್ತಂತೆ. ಆಗಿರದಿದ್ದರೆ ಏನಾಗ್ತಿತ್ತೋ.

ಡಿಇಐಸಿ ಮ್ಯಾನೇಜರ್ ಒಳ್ಳೇವರು. ಜಯದೇವಕ್ಕೆ ಬರೆದುಕೊಟ್ಟರು. ಮುಂದಿನ ತಿಂಗಳ ಎರಡನೇ ವಾರ ದಾಖಲಾಗೋಕೆ ಹೇಳಿದ್ದಾರೆ. ಬಸ್ಸಿಗೆ ಅವ್ವ ಮಗಳಿಗೆ ಶಕ್ತಿಯಲ್ಲಿ ಉಚಿತ, ಅಪ್ಪನಿಗೆ ಮಾತ್ರ ಟಿಕೆಟ್. "ಗಂಡಸಾಗಿದ್ದೇ ಖರ್ಚು" ಅಂತ ನಕ್ಕ. ಹದಿನೈದು ದಿನದಲ್ಲಿ ಮೊದಲನೇ ಸಲ ಆ ಮನುಷ್ಯ ನಕ್ಕಿದ್ದು.

ಮಾಜಿ ಮಿತ್ರ (ಅದೇ ದಿನ, ರಾತ್ರಿ 9:32)

ಶಹಬ್ಬಾಸ್ ಟೀಚರ್! ದಾಖಲಾಗೋ ದಿನ ಮೂಲ ಕಾರ್ಡ್, ಮಗುವಿನ ಆಧಾರ್, ರೆಫರಲ್ ಮೂರೂ ಇರಲಿ, ಎರಡೆರಡು ಜೆರಾಕ್ಸ್ ಮಾಡಿಸಿ. ಒಳಗೆ ಹೋದ ತಕ್ಷಣ ಆರೋಗ್ಯ ಮಿತ್ರನ ಕೌಂಟರ್. ಪೂರ್ವಾನುಮತಿ ಬರೋವರೆಗೆ ಯಾರು ಏನೇ ಬಿಲ್ ಕೊಟ್ಟರೂ ಕಟ್ಟಬೇಡಿ, ನನಗೆ ಇಲ್ಲಿ ಬರೀರಿ.

ಸಕ್ಕರೆ ನಾಡು (ಅದೇ ದಿನ, ರಾತ್ರಿ 9:50)

ಕಣ್ಣಲ್ಲಿ ನೀರು ಬಂತು ಟೀಚರಮ್ಮ. ಆಪರೇಷನ್ ಆದ್ಮೇಲೆ ತಪಾಸಣೆಗೆ ಓಡಾಡೋದು ವರ್ಷಗಟ್ಟಲೆ ಇರುತ್ತೆ. ಹದಿನೈದು ದಿನ ಆದ್ಮೇಲೆ ಮಾತ್ರೆ ನಿಮ್ಮ ಕೈಯಿಂದ. ಅದನ್ನ ಅವರಪ್ಪನಿಗೆ ಈಗ್ಲೇ ಹೇಳಿಟ್ಟಿರಿ.

ಗುಡ್ಡದ ಶಾಲೆ (ಅದೇ ದಿನ, ರಾತ್ರಿ 10:40)

ಹೇಳಿದ್ದೀನಿ ಅಣ್ಣ. ಮಾತ್ರೆಗೆ ನಾವು ಟೀಚರ್‌ಗಳೇ ನಾಲ್ಕು ಜನ ಸೇರಿ ನೋಡ್ಕೋತೀವಿ, ಎಷ್ಟು ತಿಂಗಳು ಆಗುತ್ತೋ ಅಷ್ಟು.

ಇನ್ನೊಂದು ವಿಷಯಕ್ಕೆ ಸಲಹೆ ಬೇಕಿತ್ತು. ಹೋದ ಶನಿವಾರ ನನ್ನ ಕ್ಲಾಸಿನ ಮಕ್ಕಳಿಗೆಲ್ಲ ರೇಷನ್ ಕಾರ್ಡಿನ ಜೆರಾಕ್ಸ್ ತರೋಕೆ ಹೇಳಿದ್ದೆ. 31 ಮಕ್ಕಳು. ಒಂಬತ್ತು ಜನರ ಹೆಸರು ಅವರ ಮನೆ ಕಾರ್ಡಿನಲ್ಲಿ ಇಲ್ಲ. ಇಬ್ಬರ ಮನೆಯಲ್ಲಿ ಕಾರ್ಡೇ ಇಲ್ಲ. ಇದು ಬರೀ ಮೂರನೇ ತರಗತಿ. ಹೆಡ್‌ಮಾಸ್ಟರ್ ಜೊತೆ ಮಾತಾಡಿ ಗ್ರಾಮ ಒನ್ ಹುಡುಗನನ್ನ ಒಂದು ದಿನ ಶಾಲೆಗೇ ಕರೆಸೋಣ ಅಂತಿದೀನಿ. ಅವನು ಬರ್ತೀನಿ ಅಂದಿದ್ದಾನೆ, "ಸರ್ವರ್ ಇದ್ದರೆ" ಅಂತ ಸೇರಿಸಿದ. ಏನೇನು ತಯಾರಿ ಮಾಡ್ಕೋಬೇಕು?

ಮಾಜಿ ಮಿತ್ರ (ಅದೇ ದಿನ, ರಾತ್ರಿ 10:58)

ಅವನನ್ನ ಕರೆಸೋಕೆ ಮುಂಚೆ ಆಧಾರ್ ಕಿಟ್‌ನವರನ್ನ ಕರೆಸಿ. ನಿಮ್ಮ ಹುಡುಗಿಗೆ ಆದ ಹಾಗೆ, ಐದು ದಾಟಿದ ಮಕ್ಕಳ ಬಯೋಮೆಟ್ರಿಕ್ ಆಗಿರದಿದ್ದರೆ ಮಿಕ್ಕಿದ್ದೆಲ್ಲ ಅಲ್ಲೇ ನಿಲ್ಲುತ್ತೆ. ಕಾರ್ಡಿನ ಯಜಮಾನರು ಯಾರೋ ಅವರೂ ಆ ದಿನ ಊರಲ್ಲಿರಬೇಕು, ಓಟಿಪಿ ಬರೋ ಮೊಬೈಲ್ ಅವರ ಕೈಯಲ್ಲಿರಬೇಕು, ರೀಚಾರ್ಜ್ ಆಗಿರಬೇಕು. ನಗಬೇಡಿ, ಅರ್ಧ ಅರ್ಜಿ ನಿಲ್ಲೋದೇ ಅಲ್ಲಿ. ದೀಪಾವಳಿಗೆ ಗುಳೆ ಹೋದವರು ಊರಿಗೆ ಬರ್ತಾರಲ್ಲ, ಆ ವಾರ ಇಟ್ಕೊಳ್ಳಿ.

ವ್ಯಾನ್ ಡಾಕ್ಟರ್ (ಮರುದಿನ, ಬೆಳಿಗ್ಗೆ 6:45)

ಆ ವಾರವೇ ಇಟ್ಕೊಂಡರೆ ನಿಮ್ಮ ತಾಲೂಕಿನ ವ್ಯಾನ್ ಟೀಮಿಗೂ ಒಂದು ಫೋನ್ ಹಾಕಿ ಟೀಚರ್. ನಮ್ಮ ಪಟ್ಟಿಯಲ್ಲಿ ಗೈರಾಗಿರೋ ಮಕ್ಕಳೆಲ್ಲ ಆಗ ಊರಲ್ಲಿ ಸಿಗ್ತಾರೆ.